ರೈತರಿಗೆ ಕೊಡುವ ಸಬ್ಸಿಡಿ ಲಾಭ ಕೊನೆಗೆ ಫ್ಯಾಕ್ಟರಿಯವರಿಗೆ ಹೋಗುತ್ತದಾ?

ಎಷ್ಟೋ ಸಲ ಹೋಗುತ್ತದೆ. ನಮ್ಮ ಕೋಲಾರ ಜಿಲ್ಲೆ ಶ್ರೀನಿವಾಸಪುರದ ತೋತಾಪುರಿ ಮಾವನ್ನೇ ನೋಡಿ. ಇದನ್ನು ಜಾಸ್ತಿ ಕೊಳ್ಳುವುದು ತಿರುಳು ತೆಗೆಯುವ ಫ್ಯಾಕ್ಟರಿಗಳು, ಅವುಗಳಲ್ಲಿ ಹೆಚ್ಚಿನವು ಇರುವುದು ಪಕ್ಕದ ಆಂಧ್ರದ ಚಿತ್ತೂರಿನ ಕಡೆ. ಕೊಳ್ಳುವವರು ಕೆಲವೇ ಜನ, ಕಿತ್ತ ಕಾಯಿ ಬಹಳ ದಿನ ತಡೆಯುವುದಿಲ್ಲ, ಹಾಗಾಗಿ ಗೇಟಿನ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಕಾಯುವ ರೈತನಿಗೆ ಅವರು ಹೇಳಿದ್ದೇ ರೇಟು.

2025ರಲ್ಲಿ ಆಂಧ್ರ ಸರ್ಕಾರ ತನ್ನ ತೋತಾಪುರಿ ರೈತರಿಗೆ ಕಿಲೋಗೆ 12 ರೂಪಾಯಿ ಸಿಗಬೇಕು ಎಂದಿತು. ಫ್ಯಾಕ್ಟರಿಯವರದು 8, ಸರ್ಕಾರದ್ದು 4. ಈಗ ಫ್ಯಾಕ್ಟರಿಯವರು 8ರ ಬದಲು 5 ಕೊಟ್ಟರೆ ಏನಾಗುತ್ತದೆ? ಸರ್ಕಾರದ 4ರಲ್ಲಿ 3 ರೂಪಾಯಿ ಉಳಿದಿದ್ದು ಅವರಿಗೇ ಅಲ್ವಾ? ಖಾತೆಗೆ ದುಡ್ಡು ಬಿದ್ದಿದ್ದು ಮಾತ್ರ ರೈತನ ಹೆಸರಲ್ಲಿ. ಕೊಳ್ಳುವವರ ನಡುವೆ ಪೈಪೋಟಿ ಇದ್ದರೆ ಹೀಗೆ ಇಳಿಸುವುದು ಕಷ್ಟ, ಅದಕ್ಕೇ ಕೋಲಾರದಲ್ಲೇ ಇನ್ನಷ್ಟು ತಿರುಳು ಘಟಕ ಬೇಕು ಅನ್ನುವುದು.