ಅವರ ಕೆಲಸವನ್ನು ರಾತ್ರಿ ಕೂತು ನೀವೇಕೆ ಮುಗಿಸುತ್ತೀರಿ?

ಪ್ರಶ್ನೆ: ಎಂಟು ಜನರ ತಂಡಕ್ಕೆ ಒಂದು ವರ್ಷದಿಂದ ನಾನು ಮುಖ್ಯಸ್ಥೆ. ಮೊದಲು ನಾನೂ ಅವರಲ್ಲೊಬ್ಬಳಾಗಿದ್ದೆ. ಹಿಂದಿನ ಮ್ಯಾನೇಜರ್ ಸಣ್ಣ ತಪ್ಪಿಗೂ ಎಲ್ಲರೆದುರು ಬೈಯುತ್ತಿದ್ದರು. ನಾನು ಹಾಗಾಗಬಾರದೆಂದು ಯಾರನ್ನೂ ಗಟ್ಟಿಯಾಗಿ ಕೇಳಿದ್ದೇ ಇಲ್ಲ. ಈಗ ಕೆಲಸಗಳು ಗಡುವು ದಾಟುತ್ತಿವೆ. ಇಬ್ಬರಂತೂ ವಿಚಾರಿಸಿದಾಗಲೆಲ್ಲ ‘ನಾಳೆ’ ಎನ್ನುತ್ತಾರೆ. ಉಳಿದದ್ದನ್ನು ರಾತ್ರಿ ಕೂತು ನಾನೇ ಮುಗಿಸುತ್ತೇನೆ. ಪಕ್ಕದ ತಂಡದ ಮ್ಯಾನೇಜರ್ ಬಹಳ ಬಿಗಿ, ಅವರ ಕೆಲಸ ಮಾತ್ರ ಸಮಯಕ್ಕೆ ಮುಗಿಯುತ್ತದೆ. ‘ನೀವೂ ಸ್ವಲ್ಪ ಖಡಕ್ ಆಗಿ’ ಎನ್ನುತ್ತಾರೆ ನನ್ನ ಮೇಲಧಿಕಾರಿ. ನನ್ನ ಸ್ವಭಾವವನ್ನೇ ಬದಲಿಸಿಕೊಳ್ಳಬೇಕೆ?

ಉತ್ತರ: ಸ್ವಭಾವ ಹಾಗೇ ಇರಲಿ. ಮೊದಲು ಆ ರಾತ್ರಿ ಕೆಲಸದ ಬಗ್ಗೆ ಮಾತಾಡೋಣ, ನೀವು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟದ್ದು ಅದನ್ನೇ. ಬಾಕಿ ಉಳಿಸಿದರೂ ಏನೂ ಆಗುವುದಿಲ್ಲ ಎಂಬ ಪಾಠವನ್ನು ಆ ಇಬ್ಬರಿಗೆ ಒಂದು ವರ್ಷದಿಂದ ಹೇಳಿಕೊಡುತ್ತಿರುವವರು ನೀವು. ಉಳಿದ ಆರು ಮಂದಿಯೂ ಇದನ್ನು ನೋಡುತ್ತಿದ್ದಾರೆ. ಹೇಳಿದ ದಿನಕ್ಕೆ ಕೆಲಸ ಒಪ್ಪಿಸಿದವರಿಗೆ ಸಿಕ್ಕಿದ್ದೇನು? ಬಹುಶಃ ಇನ್ನಷ್ಟು ಕೆಲಸ. ನೀವು ಇದನ್ನು ಮೃದುತನ ಎಂದುಕೊಂಡಿದ್ದೀರಿ. ನನಗಂತೂ ಮುಜುಗರದ ಮಾತೊಂದನ್ನು ತಪ್ಪಿಸಿಕೊಳ್ಳುವ ದಾರಿಯಂತೆ ಕಾಣುತ್ತದೆ. ಸರೀಕರಾಗಿದ್ದವರನ್ನು ‘ಇದೇಕೆ ಆಗಿಲ್ಲ’ ಎಂದು ಕೇಳುವುದು ಕಷ್ಟ, ಒಪ್ಪುತ್ತೇನೆ.

ಇನ್ನು ಪಕ್ಕದ ತಂಡ. ಮನೋವಿಜ್ಞಾನಿಗಳಾದ ಕರ್ಟ್ ಲೆವಿನ್, ರೊನಾಲ್ಡ್ ಲಿಪಿಟ್ ಮತ್ತು ರಾಲ್ಫ್ ವೈಟ್ ಅಮೆರಿಕದಲ್ಲಿ ಹತ್ತರ ಆಸುಪಾಸಿನ ಹುಡುಗರ ಗುಂಪುಗಳ ಮೇಲೆ ನಡೆಸಿದ ಪ್ರಯೋಗವೊಂದು 1939ರಲ್ಲಿ ಪ್ರಕಟವಾಯಿತು. ಒಂದು ಬಗೆಯ ನಾಯಕ ಎಲ್ಲವನ್ನೂ ತಾನೇ ಆಜ್ಞಾಪಿಸುತ್ತಿದ್ದ. ಇನ್ನೊಬ್ಬ ಹುಡುಗರ ಜೊತೆ ಚರ್ಚಿಸಿ ತೀರ್ಮಾನಿಸುತ್ತಿದ್ದ. ಮೂರನೆಯವನು ಎಲ್ಲವನ್ನೂ ಅವರಿಗೇ ಬಿಟ್ಟು ಸುಮ್ಮನಿರುತ್ತಿದ್ದ. ಆಜ್ಞೆಗೆ ಒಗ್ಗಿದ ಗುಂಪು ನಾಯಕ ಎದುರಿಗಿರುವಷ್ಟು ಹೊತ್ತು ದುಡಿಯಿತು, ಅವನು ಹೊರಗೆ ಕಾಲಿಟ್ಟದ್ದೇ ಕೆಲಸ ಕುಸಿಯಿತು. ಚರ್ಚೆಯ ಗುಂಪು ನಾಯಕನಿಲ್ಲದಾಗಲೂ ಹೆಚ್ಚೂಕಡಿಮೆ ಹಾಗೆಯೇ ಮುಂದುವರಿಯಿತು. ಸುಮ್ಮನೆ ಬಿಟ್ಟ ಗುಂಪಿನಲ್ಲಿ ಆದ ಕೆಲಸವೇ ಕಡಿಮೆ. ಅವರೇನೂ ಸಂಬಳಕ್ಕೆ ದುಡಿಯುವವರಲ್ಲ, ಆಡುವ ಹುಡುಗರು. ಆದ್ದರಿಂದ ಅದನ್ನೇ ವೇದವಾಕ್ಯ ಮಾಡಿಕೊಳ್ಳಬೇಡಿ. ಆದರೂ ಪಕ್ಕದ ಮ್ಯಾನೇಜರ್ ಒಂದು ವಾರ ರಜೆ ಹಾಕಿದಾಗ ಅಲ್ಲಿ ಏನಾಗುತ್ತದೆ ಎಂದು ಗಮನಿಸಿ. ನಿಮ್ಮ ವಿಷಯಕ್ಕೆ ಬಂದರೆ, ನೀವು ಎರಡನೆಯ ಬಗೆಯವರೆಂದು ನಂಬಿದ್ದೀರಿ. ಪತ್ರ ಓದಿದರೆ ಮೂರನೆಯ ಬಗೆಗೆ ಹತ್ತಿರ ಇದ್ದೀರಿ.

ಬಿಗಿಯಾದರೆ ಹಳೆಯ ಮ್ಯಾನೇಜರರಂತೆ ಆಗಿಬಿಡುತ್ತೇನೆಂಬ ಭಯ ನಿಮ್ಮದು. 1950ರ ದಶಕದಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಕೆಲಸವನ್ನು ಕ್ರಮಬದ್ಧವಾಗಿ ವಹಿಸುವ ಗುಣವನ್ನೂ ಜನರ ಬಗೆಗಿನ ಕಾಳಜಿಯನ್ನೂ ಬೇರೆ ಬೇರೆಯಾಗಿಯೇ ಅಳೆದರು. ಒಂದು ಹೆಚ್ಚಾದರೆ ಇನ್ನೊಂದು ಕಡಿಮೆಯಾಗಲೇಬೇಕೆಂದಿಲ್ಲ. ನಿಮ್ಮ ಹಳೆಯ ಮ್ಯಾನೇಜರ್ ಗಡುವನ್ನೂ ಬೈಗುಳವನ್ನೂ ಜೊತೆಗೇ ತಂದರು, ನಿಜ. ನೀವು ಗಡುವನ್ನಷ್ಟೇ ಇಟ್ಟುಕೊಳ್ಳಬಹುದು.

ಆ ಇಬ್ಬರನ್ನೂ ಬೇರೆ ಬೇರೆಯಾಗಿ ಕರೆದು, ಬಾಗಿಲು ಮುಚ್ಚಿ ಮಾತಾಡಿ. ‘ಇಷ್ಟು ದಿನ ಉಳಿದದ್ದನ್ನು ನಾನು ಮುಗಿಸುತ್ತಿದ್ದೆ, ಇನ್ನು ಮುಗಿಸುವುದಿಲ್ಲ’ ಎಂದು ಮೊದಲೇ ಹೇಳಿಬಿಡಿ. ಆಮೇಲೆ ತೊಡಕು ಏನೆಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಒಬ್ಬರ ಮನೆಯಲ್ಲಿ ಕಾಯಿಲೆ ಇರಬಹುದು; ಅವರಿಗೆ ಕೆಲದಿನ ಕೆಲಸ ಕಡಿಮೆ ಮಾಡಿ. ಇನ್ನೊಬ್ಬರಿಗೆ ಕೆಲಸವೇ ಸರಿಯಾಗಿ ಗೊತ್ತಿಲ್ಲದೆ, ಕೇಳಲು ನಾಚಿಕೆಯಾಗಿ ‘ನಾಳೆ’ ಎನ್ನುತ್ತಿರಬಹುದು, ಅವರಿಗೆ ಕಲಿಸಬೇಕು. ‘ಖಡಕ್ ಆಗಿ’ ಎಂದವರ ಸಲಹೆ ಇಬ್ಬರಿಗೂ ಉಪಯೋಗವಿಲ್ಲ. ಇದಾವುದೂ ಅಲ್ಲ, ಬರೀ ಉದಾಸೀನ ಎಂದಾದರೆ ದಿನಾಂಕವನ್ನು ಬರೆದುಕೊಡಿ, ನಡುವೆ ಯಾವ ದಿನ ವಿಚಾರಿಸುತ್ತೀರೆಂಬುದನ್ನೂ ತಿಳಿಸಿ. ಮತ್ತೆ ತಪ್ಪಿದರೆ ಕಚೇರಿಯ ನಿಯಮದಂತೆ ಲಿಖಿತ ಎಚ್ಚರಿಕೆ ಕೊಡಿ. ಅದಕ್ಕೆ ದನಿ ಏರಿಸಬೇಕಾಗಿಲ್ಲ.

ತಡವಾಗುತ್ತದೆ ಎಂದು ಮುಂಚಿತವಾಗಿ ಬಂದು ಹೇಳುವವರ ಮೇಲೆ ಮಾತ್ರ ಎಂದೂ ರೇಗಬೇಡಿ. ರೇಗಿದರೆ ಮುಂದಿನ ಸಲ ಆ ಸುದ್ದಿ ನಿಮಗೆ ತಲುಪುವುದು ಗಡುವಿನ ದಿನವೇ.

ರಾತ್ರಿ ಕೆಲಸ ನಿಲ್ಲಿಸಿದರೆ ಆರಂಭದಲ್ಲಿ ಒಂದೆರಡು ಗಡುವುಗಳು ಇನ್ನೂ ಹೆಚ್ಚು ತಪ್ಪಬಹುದು. ಏನು ಮಾಡಲು ಹೊರಟಿದ್ದೀರಿ, ಏಕೆ ಎಂಬುದನ್ನು ನಿಮ್ಮ ಮೇಲಧಿಕಾರಿಗೆ ಈ ವಾರವೇ ತಿಳಿಸಿ. ಅದಾದ ಮೇಲೆ ಆ ಇಬ್ಬರನ್ನು ಕರೆಯಿರಿ.