ಅಪ್ಪಂಗೆ 76 ವರ್ಷ, ಕೀಮೋ ಕೊಡ್ಸೋದಾ ಬೇಡ್ವಾ?

ಪ್ರಶ್ನೆ: ಡಾಕ್ಟ್ರೇ, ನಮ್ಮಪ್ಪಂಗೆ ಹೊಟ್ಟೆ ಕ್ಯಾನ್ಸರ್ ಅಂತ ಗೊತ್ತಾಗೋಷ್ಟರಲ್ಲಿ ಲಿವರ್‌ಗೂ ಹರಡಿಬಿಟ್ಟಿದೆ. ಆಪರೇಷನ್ ಆಗಲ್ಲ, ಪಾಲಿಯೇಟಿವ್ ಕೀಮೋ, ಅಂದ್ರೆ ತೊಂದ್ರೆ ಕಮ್ಮಿ ಮಾಡೋಕೆ ಕೊಡೋ ಕೀಮೋ, ಕೊಡಬಹುದು ಅಂದಿದಾರೆ. ತಮ್ಮ ಕೊಟ್ರೆ ಫುಲ್ ಡೋಸೇ ಕೊಡ್ಸೋಣ ಅಂತಾನೆ, ಚಿಕ್ಕಪ್ಪ ಈ ವಯಸ್ಸಲ್ಲಿ ಯಾಕೆ ಹಿಂಸೆ ಅಂತಾರೆ. ಅಪ್ಪ ಮನೇಲಿ ಓಡಾಡ್ಕೊಂಡಿದಾರೆ, ಸುಸ್ತು ಇದೆ. ಅವರಿಗೆ ಬರೀ ಅಲ್ಸರ್ ಅಂತ ಹೇಳಿದೀವಿ.

ಉತ್ತರ: ನೋಡಮ್ಮ, ಮೊದಲು ಒಂದು ಖಡಾಖಂಡಿತ ಮಾತು, ಈ ಕೀಮೋದಿಂದ ಕಾಯಿಲೆ ವಾಸಿ ಆಗಲ್ಲ. ಗಡ್ಡೆ ಬೆಳೆಯೋದನ್ನ ಸ್ವಲ್ಪ ಕಾಲ ತಡೆಯುತ್ತೆ, ನೋವು, ವಾಂತಿ, ಊಟ ಇಳೀದೇ ಇರೋದು ಇವೆಲ್ಲ ಹಿಡಿತಕ್ಕೆ ಬರಬಹುದು, ಒಟ್ಟಾರೆ ನೋಡಿದ್ರೆ ಆಯಸ್ಸೂ ಕೆಲವು ತಿಂಗಳು ಜಾಸ್ತಿ ಆಗುತ್ತೆ, ಆದ್ರೆ ನಿಮ್ಮಪ್ಪನ ಪಾಲಿಗೆ ಎಷ್ಟು ಅಂತ ಯಾರೂ ಬರೆದುಕೊಡೋಕಾಗಲ್ಲ.

ನಿಮ್ಮ ತಮ್ಮ ಹೇಳೋ ಫುಲ್ ಡೋಸ್ ವಿಷಯಕ್ಕೆ ಬರ್ತೀನಿ. ಬ್ರಿಟನ್‌ನಲ್ಲಿ ಜಿಒ2 ಅಂತ ಒಂದು ಅಧ್ಯಯನ ಆಯ್ತು, 2021ರಲ್ಲಿ ಪ್ರಕಟ ಆಗಿದೆ. ಅನ್ನನಾಳ ಅಥವಾ ಜಠರದ ಕ್ಯಾನ್ಸರ್ ಮುಂದುವರಿದಿದ್ದ, ವಯಸ್ಸಾದ ಇಲ್ಲಾ ನಿಶ್ಶಕ್ತರಾದ 514 ಜನಕ್ಕೆ ಆಕ್ಸಾಲಿಪ್ಲಾಟಿನ್ ಇಂಜೆಕ್ಷನ್ನು, ಕೆಪೆಸಿಟಾಬಿನ್ ಮಾತ್ರೆ ಕೊಟ್ಟು, ಕೆಲವರಿಗೆ ಪೂರ್ತಿ, ಕೆಲವರಿಗೆ ಶೇ. 80, ಇನ್ನು ಕೆಲವರಿಗೆ ಶೇ. 60 ಡೋಸ್ ಅಂತ ಹಂಚಿದ್ರು. ಶೇ. 60 ತಗೊಂಡವರಲ್ಲೂ ಕಾಯಿಲೆ ಹೆಚ್ಚುಕಮ್ಮಿ ಅಷ್ಟೇ ಕಾಲ ಹಿಡಿತದಲ್ಲಿತ್ತು, ಬದುಕಿದ ಅವಧಿನೂ ಹತ್ತತ್ರ ಅಷ್ಟೇ, ಸೈಡ್ ಎಫೆಕ್ಟ್ ಮಾತ್ರ ಕಮ್ಮಿ! ಅವರಲ್ಲಿ ಸ್ವಲ್ಪ ಗಟ್ಟಿಯಾಗಿದ್ದವರಿಗೂ ಜಾಸ್ತಿ ಡೋಸ್‌ನಿಂದ ಲಾಭ ಕಾಣಲಿಲ್ಲ. ಹಾಗಾಗಿ ಕಮ್ಮಿ ಡೋಸ್ ಅಂದ್ರೆ ಡಾಕ್ಟ್ರು ಕೈಬಿಟ್ರು ಅಂತ ತಿಳ್ಕೋಬೇಡಿ.

ಚಿಕ್ಕಪ್ಪ ಹೇಳೋದೂ ಪೂರ್ತಿ ಸರಿಯಿಲ್ಲ. 76 ಅನ್ನೋ ನಂಬರ್ ಒಂದನ್ನೇ ನೋಡಿ ಬೇಡ ಅನ್ನಕ್ಕಾಗಲ್ಲ. ಸ್ನಾನ, ಬಟ್ಟೆ ತಾವೇ ನೋಡ್ಕೋತಾರಾ, ದಿನದಲ್ಲಿ ಎಷ್ಟು ಹೊತ್ತು ಮಲಗೇ ಇರ್ತಾರೆ, ತೂಕ ಎಷ್ಟು ಇಳಿದಿದೆ, ಕಿಡ್ನಿ, ಹಾರ್ಟ್ ಹೇಗಿದೆ, ಮರೆವು ಇದೆಯಾ, ಇದೆಲ್ಲ ವಯಸ್ಸಿಗಿಂತ ಜಾಸ್ತಿ ಲೆಕ್ಕಕ್ಕೆ ಬರುತ್ತೆ. ದಿನವೆಲ್ಲ ಹಾಸಿಗೆಲೇ ಇರೋರಿಗೆ ಆದ್ರೆ ಕೀಮೋದಿಂದ ತೊಂದ್ರೆನೇ ಹೆಚ್ಚು, ಅಂಥವರಿಗೆ ನಾನೂ ಬೇಡ ಅಂತೀನಿ. ಆಗಲೂ ನೋವಿಗೆ, ವಾಂತಿಗೆ ಔಷಧಿ, ರಕ್ತ ಹೋಗ್ತಿದ್ರೆ ರೇಡಿಯೇಷನ್, ಊಟ ಹೋಗೋ ದಾರಿ ಕಟ್ಟಿದ್ರೆ ಅದನ್ನ ತೆರೆದಿಡೋ ಸ್ಟೆಂಟ್ ಅನ್ನೋ ಕೊಳವೆ ಇದ್ದೇ ಇದೆ. ಕೀಮೋ ಕೊಡಿಸಿದ್ರೂ ನೋವು, ಸಂಕಟ ಕಮ್ಮಿ ಮಾಡೋ ಪಾಲಿಯೇಟಿವ್ ಕೇರ್‌ನವರನ್ನ ಈಗ್ಲೇ ನೋಡಿ, ಕೊನೇ ವಾರದವರೆಗೆ ಕಾಯಬೇಡಿ.

ಬಯಾಪ್ಸಿ ಮೇಲೆ, ಅಂದ್ರೆ ಗಡ್ಡೆಯಿಂದ ತೆಗೆದ ಚೂರಿನ ಮೇಲೆ, ಹರ್2, ಪಿಡಿ-ಎಲ್1, ಎಂಎಸ್ಐ ಅನ್ನೋ ಟೆಸ್ಟ್ ಆಗಿದೆಯಾ ಅಂತ ಕೇಳಿ, ಅದರ ಮೇಲೆ ಬೇರೆ ಔಷಧಿ ಸೇರಿಸಬಹುದಾ ಅಂತ ಗೊತ್ತಾಗುತ್ತೆ. ಅಪ್ಪ ರಕ್ತ ತೆಳುವಾಗೋಕೆ ವಾರ್ಫರಿನ್ ತಗೋತಿದ್ರೆ ಅದನ್ನೂ ಹೇಳಿ, ಕೆಪೆಸಿಟಾಬಿನ್ ಜೊತೆ ಅದು ಆಗಿಬರಲ್ಲ.

ಇನ್ನು ಆ ಅಲ್ಸರ್ ಕಥೆ. ಕೈಗೆ ಸೂಜಿ ಚುಚ್ಚಿಸ್ಕೊಳ್ಳೋರು ಅವರು, ತೀರ್ಮಾನ ನೀವು, ತಮ್ಮ, ಚಿಕ್ಕಪ್ಪ ಮಾಡ್ತಿದೀರಿ! ಎಷ್ಟೋ ಮನೇಲಿ ಅಪ್ಪಂಗೆ ಆಗ್ಲೇ ಅನುಮಾನ ಬಂದಿರುತ್ತೆ, ಮಕ್ಕಳಿಗೆ ಬೇಜಾರಾಗುತ್ತೆ ಅಂತ ಅವರೂ ಸುಮ್ಮನಿರ್ತಾರೆ. ಎಷ್ಟು ತಿಳ್ಕೋಬೇಕು ಅಂತ ಅವರನ್ನೇ ಕೇಳಿ, ಡಾಕ್ಟರ್ ಎದುರಿಗೇ ಮಾತಾಡಿ. ಬೇಡ ಅಂದ್ರೆ ಒತ್ತಾಯ ಬೇಡ, ಬೇಕು ಅಂದ್ರೆ ಕಮ್ಮಿ ಡೋಸ್‌ನಲ್ಲಿ ಶುರು ಮಾಡಿ ಎರಡು ಮೂರು ತಿಂಗಳಿಗೆ ಸ್ಕ್ಯಾನ್ ನೋಡಿ, ಉಪಯೋಗ ಇಲ್ಲ ಅನ್ಸಿದ್ರೆ ನಿಲ್ಲಿಸಬಹುದು. ಶುರು ಮಾಡಿದ್ರೆ ಮನೇಲಿ ಥರ್ಮಾಮೀಟರ್ ಇರ್ಲಿ, ಜ್ವರ 100.4 ಡಿಗ್ರಿ ದಾಟಿದ್ರೆ ಮಧ್ಯರಾತ್ರಿ ಆದ್ರೂ ಆಸ್ಪತ್ರೆಗೆ ಹೋಗಿ, ಬೆಳಗ್ಗೆ ನೋಡೋಣ ಅನ್ನಬೇಡಿ.