1/35 ಅಳತೆಯ ವಿಲ್ಲಿಸ್ ಜೀಪ್ ಡಯೋರಾಮದಲ್ಲಿಟ್ಟರೆ ಆಟಿಕೆ ಥರ ಕಾಣುತ್ತಿದೆ, ಏನು ಮಾಡಲಿ?

ಪ್ಲಾಸ್ಟಿಕ್ ಕಿಟ್ ಜೋಡಿಸಿ ಬಣ್ಣ ಹೊಡೆದಾಗಿದೆ, ಡಯೋರಾಮದ (ಅಂದರೆ ಪುಟ್ಟ ಮಾದರಿ ದೃಶ್ಯದ) ಕೆಸರು ರಸ್ತೆಯ ನೆಲವೂ ಒಣಗಿದೆ, ಆದರೂ ಜೀಪು ಬೇರೆ, ನೆಲ ಬೇರೆ ಅನ್ನಿಸುತ್ತಿದೆ ಎಂದಿದ್ದೀರಿ. ಹಾಗಾದರೆ ಬಾಡಿಯನ್ನು ತಿದ್ದುತ್ತಾ ಕೂರಬೇಡಿ, ಮೊದಲು ಟೈರು ನೋಡಿ.

ಅಸಲಿ ವಿಲ್ಲಿಸ್ ಎಂಬಿ, ಅಂದರೆ ಎರಡನೇ ಮಹಾಯುದ್ಧದ ಅಮೆರಿಕನ್ ಸೇನಾ ಜೀಪು, ಸುಮಾರು ಒಂದು ಟನ್ ತೂಗುತ್ತದೆ. ಕೆಸರಲ್ಲಿ ನಿಂತರೆ ಚಕ್ರ ಹೂತುಕೊಳ್ಳುತ್ತದೆ, ಟೈರಿನ ತಳ ಚಪ್ಪಟೆಯಾಗುತ್ತದೆ. ನಿಮ್ಮದು ಬರೀ ಪ್ಲಾಸ್ಟಿಕ್, ನೆಲದ ಮೇಲೆ ಸುಮ್ಮನೆ ಕೂತಿರುತ್ತದೆ. ನಾನೂ ಒಮ್ಮೆ ನೆಲ ಪೂರ್ತಿ ಒಣಗಿದ ಮೇಲೆ ಜೀಪು ಅಂಟಿಸಿದ್ದೆ. ಮೂರು ಚಕ್ರ ನೆಲಕ್ಕೆ ತಾಗಿದ್ದವು, ನಾಲ್ಕನೆಯದರ ಕೆಳಗೆ ಕಾಗದ ತೂರಿಸಬಹುದಿತ್ತು! ಹುಲ್ಲು ಅಂಟಿಸಿ ಮುಚ್ಚಿದೆ. ನೋಡಿದವರೆಲ್ಲ ಮೊದಲು ಕೇಳಿದ್ದು ಆ ಹುಲ್ಲಿನ ಬಗ್ಗೆಯೇ.

ನೀವು ಹೀಗೆ ಮಾಡಿ. ಟೈರಿನ ತಳವನ್ನು ನಯವಾದ ಉಪ್ಪು ಕಾಗದದ ಮೇಲೆ ನಾಲ್ಕೈದು ಸಲ ಉಜ್ಜಿ. (ಮೆತ್ತನೆಯ ವಿನೈಲ್ ಟೈರಾದರೆ ಬೇಡ, ನಾರು ಏಳುತ್ತದೆ.) ನಾಲ್ಕು ಚಕ್ರ ಬರುವ ಕಡೆ ಒಣಗಿದ ನೆಲವನ್ನು ಚಾಕುವಿನಿಂದ ಕೆರೆದು ಹೊಸ ಪೇಸ್ಟ್ (ನೆಲ ಮಾಡುವ ಕೆಸರಿನಂಥ ಲೇಪ) ತುಂಬಿ, ಅದು ಹಸಿಯಿರುವಾಗಲೇ ಜೀಪನ್ನು ಒತ್ತಿ ಕೂರಿಸಿ. ಹಿಂದಿನ ಹಾದಿಗೂ ತೆಳ್ಳಗೆ ಪೇಸ್ಟ್ ಬಳಿದು, ಸ್ಪೇರ್ ಚಕ್ರವನ್ನು ಒದ್ದೆ ಮಾಡಿ ಉರುಳಿಸಿದರೆ ಜಾಡು ಸಿಗುತ್ತದೆ. ನೇರವಾಗಿ ಬಂದ ಜೀಪಿಗೆ ಎರಡೇ ಜಾಡು, ಏಕೆಂದರೆ ಹಿಂದಿನ ಚಕ್ರ ಮುಂದಿನದರ ಗುರುತನ್ನೇ ತುಳಿಯುತ್ತದೆ. ತಿರುವಿನಲ್ಲಿ ಮಾತ್ರ ಹಿಂದಿನವು ಒಳಗೆ ಸರಿದು ನಾಲ್ಕಾಗುತ್ತವೆ.

ಇನ್ನು ಸವೆತ. ಇಲ್ಲಿ ನಮ್ಮಂಥವರ ಕೈ ನಿಲ್ಲುವುದೇ ಇಲ್ಲ. ಸ್ಪಂಜಿನಿಂದ ಬಣ್ಣ ಕಿತ್ತ ಗುರುತು ಹಾಕುವಾಗ 35ರಿಂದ ಗುಣಿಸಿ ನೋಡಿ: ಒಂದು ಮಿಲಿಮೀಟರ್ ಚುಕ್ಕೆ ಎಂದರೆ ಅಸಲಿ ಗಾಡಿಯಲ್ಲಿ ಮೂರೂವರೆ ಸೆಂಟಿಮೀಟರ್ ಗಾಯ. ಬಾನೆಟ್ ತುಂಬ ಅಂಥವಿದ್ದರೆ ಗಾಡಿಗೆ ಸಿಡುಬು ಬಂದ ಹಾಗಿರುತ್ತದೆ. ಈ ಜೀಪಿಗೆ ಬಾಗಿಲಿಲ್ಲ, ಹತ್ತಿ ಇಳಿಯುವಾಗ ಬೂಟು ಉಜ್ಜುವುದು ಪಕ್ಕದ ತಗ್ಗಿನ ಅಂಚಿಗೆ. ಅಲ್ಲಿ ಮೆತ್ತನೆಯ ಪೆನ್ಸಿಲ್ ಸೀಸವನ್ನು ಬೆರಳಿಂದ ಒಂದು ಸಲ ತಿಕ್ಕಿ, ಕಬ್ಬಿಣ ಹೊಳೆದಂತೆ ಕಾಣುತ್ತದೆ. ಬಾನೆಟ್ಟಿನ ನಟ್ಟನಡುವೆ ಏನೂ ಬೇಡ.

ಧೂಳಿಗೆ ಬೇರೆ ಬಣ್ಣದ ಡಬ್ಬಿ ತೆರೆಯಬೇಡಿ. ನೆಲಕ್ಕೆ ಬಳಸಿದ ಅದೇ ಬಣ್ಣದ ಪುಡಿಯನ್ನು ಟೈರಿನ ಗೆರೆಗಳಿಗೆ, ಮಡ್‌ಗಾರ್ಡ್ ಒಳಗೆ, ಚಾಲಕ ಕಾಲಿಡುವ ಜಾಗಕ್ಕೆ ಹಚ್ಚಿ. ಗಾಡಿ ಇದೇ ರಸ್ತೆಯಲ್ಲಿ ಬಂದಿದ್ದು ಅನ್ನಿಸುವುದು ಇದರಿಂದಲೇ. ಮ್ಯಾಟ್ (ಹೊಳಪಿಲ್ಲದ) ವಾರ್ನಿಷನ್ನು ಪುಡಿಗಿಂತ ಮೊದಲೇ ಹೊಡೆದಿರಿ, ಆಮೇಲೆ ಹೊಡೆದರೆ ಅರ್ಧ ಧೂಳು ಮಾಯ. ಎಣ್ಣೆ ಬಣ್ಣದ ವಾಷ್ (ಸಂದುಗಳಿಗೆ ಇಳಿಯುವಂತೆ ಥಿನ್ನರಿನಲ್ಲಿ ನೀರಾಗಿಸಿದ ಬಣ್ಣ) ಕೊಡುವುದಿದ್ದರೆ ಅದು ಇನ್ನೂ ಮೊದಲು. ನಿಮ್ಮ ಮೂಲ ಬಣ್ಣ ಎನಾಮೆಲ್ ಆಗಿದ್ದರೆ ಅಕ್ರಿಲಿಕ್ ವಾರ್ನಿಷ್ ಬಳಿದು ಒಣಗಿಸದೆ ವಾಷ್ ಮುಟ್ಟಬೇಡಿ, ಥಿನ್ನರ್ ಬಣ್ಣವನ್ನೇ ಎಬ್ಬಿಸಿಬಿಡುತ್ತದೆ.

ಎಲ್ಲ ಆದಮೇಲೆ ಮೊಬೈಲನ್ನು ನೆಲದ ಮಟ್ಟಕ್ಕಿಳಿಸಿ, ಈ ಅಳತೆಯಲ್ಲಿ ಸುಮಾರು ಐದು ಸೆಂಟಿಮೀಟರ್ ಎತ್ತರವಿರುವ ಗೊಂಬೆ ಸೈನಿಕನ ಕಣ್ಣಿನಿಂದ ಒಂದು ಫೋಟೋ ತೆಗೆಯಿರಿ. ಯಾವ ಟೈರಿನಡಿ ಬೆಳಕು ಕಾಣುತ್ತದೋ ಅಲ್ಲಿಗೆ ಇನ್ನೊಂದು ತೊಟ್ಟು ಕೆಸರು.